ಬಲಸಾಮ್ಯದ ಪಲ್ಲಟ ಮತ್ತು ಸಣ್ಣ ರಾಷ್ಟ್ರದ ರಕ್ಷಣೆ: ಫಿನ್ಲೆಂಡಿನ ನಿದರ್ಶನ

೧

ಪ್ರಬಲ ರಾಷ್ಟ್ರಗಳ ಏಳುಬೀಳುಗಳನ್ನು ಕುರಿತು ಇತಿಹಾಸಕಾರರು ಬರೆದಿರುವಷ್ಟನ್ನು, ಅವುಗಳ ನೆರೆಯಲ್ಲಿ ಬಾಳಬೇಕಾದ ಸಣ್ಣ ರಾಷ್ಟ್ರಗಳನ್ನು ಕುರಿತು ಬರೆದಿಲ್ಲ. ನಮ್ಮ ಕಾಲೇಜುಗಳಲ್ಲಿ ಬೋಧಿಸುವ ಆಧುನಿಕ ಯೂರೋಪಿನ ಇತಿಹಾಸದಲ್ಲಿಯೂ ಇದೇ ಸ್ಥಿತಿ. ವಿಯೆನ್ನ, ಬರ್ಲಿನ್, ವರ್ಸೇಲ್ಸ್ ಸಮ್ಮೇಳನಗಳ ವಿವರಣೆಯಲ್ಲಿ ಸಣ್ಣ ರಾಷ್ಟ್ರವು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಸಾಗುವ ವಸ್ತುವಾಗಿ ಒಮ್ಮೆ ಕಾಣಿಸಿಕೊಂಡು ಮರೆಯಾಗುತ್ತದೆ. ಇದರ ಪರಿಣಾಮವಾಗಿ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಪರಸ್ಪರ ವಿರುದ್ಧವಾದ ಎರಡು ಅಭಿಪ್ರಾಯಗಳು ನೆಲೆಗೊಳ್ಳುತ್ತವೆ. ಸಣ್ಣ ರಾಷ್ಟ್ರದ ಹಣೆಯಬರಹವನ್ನು ಬರೆಯುವವರು ಹೊರಗಿನವರೇ, ಅದರ ಸ್ವಂತ ಸೈನ್ಯವು ಕೇವಲ ಅಲಂಕಾರ ಎಂಬುದೊಂದು. ಜನರಲ್ಲಿ ಧೈರ್ಯವೊಂದಿದ್ದರೆ ಎಷ್ಟು ಚಿಕ್ಕ ನಾಡಾದರೂ ಎಂಥ ವೈರಿಯನ್ನಾದರೂ ಹಿಮ್ಮೆಟ್ಟಿಸಬಲ್ಲದು ಎಂಬುದು ಇನ್ನೊಂದು. ಇವೆರಡೂ ಅರ್ಧಸತ್ಯಗಳೆಂಬುದನ್ನು ಫಿನ್ಲೆಂಡ್ ದೇಶದ ಎರಡು ಶತಮಾನಗಳ ಅನುಭವದಿಂದ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ದುರ್ಬಲನ ಸಮಸ್ಯೆ ನಮ್ಮ ದೇಶದ ರಾಜನೀತಿಗೆ ಹೊಸದಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಓಲೆಯ ಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹನ್ನೆರಡನೆಯ ಅಧಿಕರಣವೇ ಈ ವಿಷಯಕ್ಕೆ ಮೀಸಲಾಗಿದೆ. ಬಲಿಷ್ಠನು ಮೇಲೆ ಬಿದ್ದಾಗ ದುರ್ಬಲನು ಬೆತ್ತದಂತೆ ಬಾಗಬೇಕೆಂಬುದು ಭಾರದ್ವಾಜನ ಮತ. ಇರುವ ಬಲವನ್ನೆಲ್ಲ ಕೂಡಿಸಿ ಕಾದಾಡಬೇಕೆಂಬುದು ವಿಶಾಲಾಕ್ಷನ ಮತ. ಕೌಟಿಲ್ಯನು ಎರಡನ್ನೂ ಒಪ್ಪುವುದಿಲ್ಲ. ಎಲ್ಲ ಕಡೆಯೂ ಬಾಗುವವನಿಗೆ ಬದುಕಿನ ಭರವಸೆಯೇ ಇಲ್ಲ. ಅಲ್ಪಬಲದಿಂದ ಕಾದುವವನು ದೋಣಿಯಿಲ್ಲದೆ ಸಮುದ್ರಕ್ಕಿಳಿದವನಂತೆ ಮುಳುಗುತ್ತಾನೆ. ಆದುದರಿಂದ ವೈರಿಗಿಂತಲೂ ಪ್ರಬಲನಾದ ರಾಜನನ್ನಾಗಲಿ, ವೈರಿಗೆ ಅಸಾಧ್ಯವಾದ ದುರ್ಗವನ್ನಾಗಲಿ ಆಶ್ರಯಿಸಬೇಕೆಂದು ಅವನ ನಿರ್ಣಯ.

ಬಾಗುವುದು, ಕಾದುವುದು, ಆಶ್ರಯ, ದುರ್ಗ: ಈ ನಾಲ್ಕು ಮಾರ್ಗಗಳನ್ನೂ ಫಿನ್ಲೆಂಡ್ ಒಂದೊಂದು ಕಾಲದಲ್ಲಿ ಹಿಡಿದಿದೆ. ಯಾವ ಕಾಲಕ್ಕೆ ಯಾವ ಮಾರ್ಗ ಸಲ್ಲುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸಿದ್ದು ಪ್ರಬಲ ರಾಷ್ಟ್ರಗಳ ನಡುವಣ ಬಲಸಾಮ್ಯ. ಅದನ್ನು ಬದಲಾಯಿಸುವ ಶಕ್ತಿ ಫಿನ್ಲೆಂಡಿಗೆ ಎಂದೂ ಇರಲಿಲ್ಲ. ಅದಕ್ಕಿದ್ದ ಶಕ್ತಿ ಒಂದೇ: ತನ್ನನ್ನು ನುಂಗಲು ತೆರಬೇಕಾದ ಬೆಲೆಯನ್ನು ಏರಿಸುವುದು. ಈ ಶಕ್ತಿ ಅಲ್ಪವೆಂದು ತೋರಬಹುದು. ಆದರೆ ಒಂದು ರಾಷ್ಟ್ರದ ಉಳಿವು ಅಳಿವುಗಳು ಅದರ ಮೇಲೆ ನಿಂತ ಸಂದರ್ಭಗಳುಂಟು.

೨

ಮೊದಲು ಭೂಗೋಳವನ್ನು ಗಮನಿಸಬೇಕು. ಬಾಲ್ಟಿಕ್ ಸಮುದ್ರದ ಒಂದು ತೋಳು ಪೂರ್ವಕ್ಕೆ ಚಾಚಿ ಫಿನ್ಲೆಂಡ್ ಕೊಲ್ಲಿಯೆನಿಸಿದೆ. ಅದರ ಉತ್ತರ ತೀರ ಫಿನ್ಲೆಂಡಿನದು. ಅದರ ತುದಿಯಲ್ಲಿ ಮಹಾ ಪೀಟರನು ೧೭೦೩ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ನಗರವನ್ನು ಸ್ಥಾಪಿಸಿದನು. ಅಂದಿನಿಂದ ಫಿನ್ಲೆಂಡ್ ಯಾರಿಗೆ ಸೇರಬೇಕೆಂಬ ಪ್ರಶ್ನೆಯು, ರಷ್ಯದ ರಾಜಧಾನಿಯ ಹೆಬ್ಬಾಗಿಲು ಯಾರ ವಶದಲ್ಲಿರಬೇಕೆಂಬ ಪ್ರಶ್ನೆಯಾಗಿ ಮಾರ್ಪಟ್ಟಿತು.

ಆಗ ಫಿನ್ಲೆಂಡ್ ಸ್ವೀಡನ್ ರಾಜ್ಯದ ಭಾಗವಾಗಿದ್ದಿತು. ಸ್ವೀಡನ್ನಿನ ಪ್ರತಾಪ ಕುಗ್ಗುತ್ತ ಬಂದಂತೆ ಅದು ಹೆಲ್ಸಿಂಕಿಯ ಎದುರಿನ ದ್ವೀಪಗಳ ಮೇಲೆ ೧೭೪೮ರಿಂದ ಸ್ವೆಯಾಬೊರ್ಗ್ ಎಂಬ ಭಾರಿ ಕೋಟೆಯನ್ನು ಕಟ್ಟತೊಡಗಿತು. ೧೮೦೭ರ ಜುಲೈ ತಿಂಗಳಲ್ಲಿ ನೆಪೋಲಿಯನ್ ಮತ್ತು ಒಂದನೆಯ ಅಲೆಕ್ಸಾಂಡರ್ ಟಿಲ್ಸಿಟ್ಟಿನಲ್ಲಿ ಸಂಧಿ ಮಾಡಿಕೊಂಡರು. ಬ್ರಿಟನ್ನಿನ ವಾಣಿಜ್ಯವನ್ನು ಬಹಿಷ್ಕರಿಸುವಂತೆ ಸ್ವೀಡನ್ನನ್ನು ಬಲವಂತಪಡಿಸುವ ಹೊಣೆ ರಷ್ಯಕ್ಕೆ ಬಂದಿತು. ಮರುವರ್ಷದ ಫೆಬ್ರವರಿಯಲ್ಲಿ ರಷ್ಯದ ಸೈನ್ಯ ಫಿನ್ಲೆಂಡನ್ನು ಹೊಕ್ಕಿತು. ನಿಗದಿತ ದಿನದೊಳಗೆ ಸ್ವೀಡನ್ನಿನ ನೌಕೆಗಳು ನೆರವಿಗೆ ಬಾರದಿದ್ದಲ್ಲಿ ಕೋಟೆಯನ್ನು ಒಪ್ಪಿಸುವುದಾಗಿ ಸ್ವೆಯಾಬೊರ್ಗಿನ ಸೇನಾಪತಿ ಕರಾರು ಮಾಡಿಕೊಂಡನು. ನೌಕೆಗಳು ಬರಲಿಲ್ಲ. ೧೮೦೮ರ ಮೇ ತಿಂಗಳಲ್ಲಿ ಕೋಟೆ ರಷ್ಯದ ಕೈಸೇರಿತು. ದುರ್ಗದ ಬಲವು ಅದರ ಗೋಡೆಗಳಲ್ಲಿ ಎಷ್ಟಿದೆಯೋ, ಹೊರಗಿನಿಂದ ನೆರವು ಬಂದೀತೆಂಬ ವಿಶ್ವಾಸದಲ್ಲಿಯೂ ಅಷ್ಟೇ ಇದೆಯೆಂಬುದಕ್ಕೆ ಇದು ಉತ್ತಮ ಉದಾಹರಣೆ.

೧೮೦೯ರ ಹಮೀನ ಕೌಲಿನ ಮೂಲಕ ಫಿನ್ಲೆಂಡ್ ರಷ್ಯಕ್ಕೆ ಸೇರಿತು. ಆದರೆ ಅಲೆಕ್ಸಾಂಡರನು ಅದನ್ನು ಒಂದು ಪ್ರಾಂತವಾಗಿ ಕರಗಿಸಲಿಲ್ಲ. ಪೋರ್ವೊ ನಗರದಲ್ಲಿ ಕೂಡಿದ ಸಭೆಯಲ್ಲಿ ಆ ನಾಡಿನ ಧರ್ಮವನ್ನೂ ಶಾಸನಗಳನ್ನೂ ಕಾಪಾಡುವುದಾಗಿ ಮಾತುಕೊಟ್ಟು, ತಾನೇ ಅದರ ಮಹಾಪ್ರಭುವಾದನು. ನೆಪೋಲಿಯನ್ನನೊಡನೆ ಮುಂದೆ ಯುದ್ಧ ಒದಗಬಹುದಾಗಿದ್ದಾಗ ರಾಜಧಾನಿಯ ಬಾಗಿಲಲ್ಲಿ ಅತೃಪ್ತ ಪ್ರಜೆಗಳಿರುವುದು ಅವನಿಗೆ ಹಿತವಾಗಿರಲಿಲ್ಲ. ಫಿನ್ ಜನರು ಬಾಗಿದರು. ಆ ಕಾಲಕ್ಕೆ ಬಾಗುವುದು ಫಲಕಾರಿಯೂ ಆಯಿತು. ೧೮೬೦ರಲ್ಲಿ ಅವರಿಗೆ ಸ್ವಂತ ನಾಣ್ಯ, ೧೮೭೮ರ ಶಾಸನದಿಂದ ಸ್ವಂತ ಸಣ್ಣ ಸೈನ್ಯ ದೊರೆತವು.

೧೮೭೧ರಲ್ಲಿ ಜರ್ಮನಿ ಏಕೀಕೃತವಾದ ಮೇಲೆ ಲೆಕ್ಕ ಬದಲಾಯಿತು. ಜರ್ಮನ್ ಸೇನೆಯು ಫಿನ್ಲೆಂಡಿನ ತೀರದಲ್ಲಿಳಿದು ರಾಜಧಾನಿಯತ್ತ ನುಗ್ಗಬಹುದೆಂಬ ಭೀತಿ ರಷ್ಯದ ಸೇನಾಧಿಕಾರಿಗಳನ್ನು ಕಾಡತೊಡಗಿತು. ೧೮೯೯ರ ಫೆಬ್ರವರಿ ಘೋಷಣೆಯು ಸ್ವಯಮಾಧಿಕಾರವನ್ನು ಮೊಟಕುಗೊಳಿಸಿತು. ೧೯೦೧ರ ಸೈನಿಕ ಶಾಸನವು ಫಿನ್ ಸೈನ್ಯದ ಪ್ರತ್ಯೇಕ ಅಸ್ತಿತ್ವವನ್ನು ಕೊನೆಗಾಣಿಸಿತು. ಫಿನ್ ಜನರು ನಿಷ್ಠೆಯಲ್ಲಿ ತಪ್ಪಿದ್ದರೆಂದಲ್ಲ. ಬರ್ಲಿನ್ನಿನಲ್ಲಿ ಶಕ್ತಿ ಬೆಳೆದುದಕ್ಕೆ ಹೆಲ್ಸಿಂಕಿಯಲ್ಲಿ ದಂಡ ತೆರಬೇಕಾಯಿತು.

೩

೧೯೧೭ರ ಡಿಸೆಂಬರ್ ೬ರಂದು ಫಿನ್ಲೆಂಡ್ ಸ್ವಾತಂತ್ರ್ಯವನ್ನು ಸಾರಿತು. ರಷ್ಯ ಕ್ರಾಂತಿಯಲ್ಲಿ ಮುಳುಗಿದ್ದಿತು. ಮರುವರ್ಷದ ಆರಂಭದಲ್ಲಿಯೇ ನಾಡು ಬಿಳಿಯರು ಮತ್ತು ಕೆಂಪಿನವರೆಂಬ ಎರಡು ಪಕ್ಷಗಳಾಗಿ ಒಡೆದು ಅಂತರ್ಯುದ್ಧ ನಡೆಯಿತು. ಜರ್ಮನಿಯಲ್ಲಿ ಗುಟ್ಟಾಗಿ ತರಬೇತಿ ಹೊಂದಿದ ಫಿನ್ ಯುವಕರ ದಳವೂ, ೧೯೧೮ರ ಏಪ್ರಿಲ್‌ನಲ್ಲಿ ಹಾಂಕೊ ಬಂದರಿನಲ್ಲಿಳಿದ ಜರ್ಮನ್ ಸೇನೆಯೂ ಬಿಳಿಯರಿಗೆ ನೆರವಾದವು. ಯುದ್ಧದಲ್ಲಿಯೂ ಅನಂತರದ ಸೆರೆಶಿಬಿರಗಳಲ್ಲಿಯೂ ಮಡಿದವರು ಮೂವತ್ತು ಸಾವಿರಕ್ಕೂ ಮಿಗಿಲು. ಅದೇ ಅಕ್ಟೋಬರ್‌ನಲ್ಲಿ ಫಿನ್ಲೆಂಡಿನ ಪಾರ್ಲಿಮೆಂಟು ಜರ್ಮನ್ ರಾಜಕುಮಾರನೊಬ್ಬನನ್ನು ತನ್ನ ದೊರೆಯಾಗಿ ಆರಿಸಿತು. ಒಂದು ತಿಂಗಳು ಕಳೆಯುವುದರೊಳಗಾಗಿ ಜರ್ಮನ್ ಸಾಮ್ರಾಜ್ಯವೇ ಉರುಳಿತು. ಆ ರಾಜಕುಮಾರನು ಸಿಂಹಾಸನವನ್ನೇರಲೇ ಇಲ್ಲ.

ಹೀಗೆ ಫಿನ್ಲೆಂಡ್ ಸ್ವತಂತ್ರವಾದದ್ದು ರಷ್ಯ ಜರ್ಮನಿಗಳೆರಡೂ ಒಟ್ಟಿಗೆ ಕುಸಿದ ವಿರಳವಾದ ಗಳಿಗೆಯಲ್ಲಿ. ಬಾಲ್ಟಿಕ್ ತೀರದ ಎಸ್ಟೋನಿಯ, ಲಾಟ್ವಿಯ, ಲಿಥುವೇನಿಯಗಳೂ, ಪೋಲೆಂಡೂ ತಲೆಯೆತ್ತಿದ್ದು ಆಗಲೇ. ೧೯೨೦ರ ಟಾರ್ಟು ಕೌಲಿನಿಂದ ನಿರ್ಣಯವಾದ ಗಡಿಯು ಪೆಟ್ರೋಗ್ರಾಡಿನಿಂದ ಕೇವಲ ೩೨ ಕಿಲೋಮೀಟರ್ ದೂರದಲ್ಲಿತ್ತು. ದುರ್ಬಲವಾಗಿದ್ದ ರಷ್ಯ ಇದನ್ನು ಸಹಿಸಿತು. ರಷ್ಯ ಮತ್ತೆ ಬಲಗೊಂಡಾಗ ಇದನ್ನು ಸಹಿಸೀತೇ ಎಂಬ ಪ್ರಶ್ನೆಯನ್ನು ಯಾರೂ ಬಹಳ ದಿನ ಮರೆತಿರುವಂತಿರಲಿಲ್ಲ.

ಈ ಇಪ್ಪತ್ತು ವರ್ಷಗಳಲ್ಲಿ ಫಿನ್ಲೆಂಡ್ ಆಶ್ರಯವನ್ನು ಹಲವು ದಿಕ್ಕುಗಳಲ್ಲಿ ಅರಸಿತು. ಪೋಲೆಂಡ್, ಎಸ್ಟೋನಿಯ, ಲಾಟ್ವಿಯಗಳೊಡನೆ ೧೯೨೨ರಲ್ಲಿ ವಾರ್ಸಾದಲ್ಲಿ ಆದ ಒಡಂಬಡಿಕೆಗೆ ಅದರ ಪಾರ್ಲಿಮೆಂಟು ಒಪ್ಪಿಗೆ ಕೊಡಲಿಲ್ಲ. ಜಿನೀವದ ರಾಷ್ಟ್ರಸಂಘದಲ್ಲಿ ನಂಬಿಕೆಯಿಟ್ಟಿತು. ಸ್ವೀಡನ್ನಿನೊಡನೆ ಇದ್ದ ಆಲೆಂಡ್ ದ್ವೀಪಗಳ ವ್ಯಾಜ್ಯವು ೧೯೨೧ರಲ್ಲಿ ಆ ಸಂಘದ ಮುಂದೆಯೇ ಶಾಂತಿಯಿಂದ ಇತ್ಯರ್ಥವಾದುದು ಈ ನಂಬಿಕೆಯನ್ನು ಬಲಪಡಿಸಿತು. ೧೯೩೨ರಲ್ಲಿ ಸೋವಿಯೆಟ್ ರಷ್ಯದೊಡನೆ ಅನಾಕ್ರಮಣ ಕರಾರಾಯಿತು. ೧೯೩೫ರಲ್ಲಿ ಸ್ಕ್ಯಾಂಡಿನೇವಿಯದ ದೇಶಗಳೊಂದಿಗೆ ತಟಸ್ಥ ನೀತಿಯನ್ನು ಅನುಸರಿಸುವುದಾಗಿ ಘೋಷಿಸಿತು. ರಕ್ಷಣಾ ಮಂಡಲಿಯ ಅಧ್ಯಕ್ಷನಾಗಿದ್ದ ಮ್ಯಾನರ್ಹೈಮನು ಶಸ್ತ್ರಗಳಿಗಾಗಿ ಹಣ ಕೇಳುತ್ತಲೇ ಇದ್ದನು. ಸರ್ಕಾರಗಳು ಕೈಬಿಗಿಹಿಡಿಯುತ್ತಲೇ ಇದ್ದವು. ಕಾಗದದ ಮೇಲಿನ ಆಶ್ರಯಗಳು ಹೆಚ್ಚಿದಂತೆ ದುರ್ಗದ ಮೇಲಣ ವೆಚ್ಚ ಅನಾವಶ್ಯಕವೆಂದು ತೋರುವುದು ಸಹಜ.

೧೯೩೯ರ ಆಗಸ್ಟ್ ೨೩ರಂದು ಜರ್ಮನಿ ಮತ್ತು ಸೋವಿಯೆಟ್ ರಷ್ಯಗಳು ಮಾಸ್ಕೋದಲ್ಲಿ ಮಾಡಿಕೊಂಡ ಕರಾರಿನ ಗುಪ್ತ ಅನುಬಂಧದಲ್ಲಿ ಫಿನ್ಲೆಂಡ್, ಎಸ್ಟೋನಿಯ, ಲಾಟ್ವಿಯಗಳು ರಷ್ಯದ ಪ್ರಭಾವಕ್ಷೇತ್ರಕ್ಕೆ ಬಿಟ್ಟುಕೊಡಲ್ಪಟ್ಟವು. ಟಿಲ್ಸಿಟ್ಟಿನಲ್ಲಿ ೧೩೨ ವರ್ಷಗಳ ಹಿಂದೆ ಆದುದೇ ಮತ್ತೆ ಆಯಿತು. ಎರಡು ಪ್ರಬಲ ರಾಷ್ಟ್ರಗಳು ವೈರಿಗಳಾಗಿರುವಾಗ ಅವುಗಳ ನಡುವಣ ಸಣ್ಣ ರಾಷ್ಟ್ರಕ್ಕೆ ಅಪಾಯವೆಂಬುದು ಸಾಮಾನ್ಯ ತಿಳಿವಳಿಕೆ. ಅವು ಮಿತ್ರರಾದ ಗಳಿಗೆ ಅದಕ್ಕಿಂತಲೂ ಅಪಾಯಕರ.

೪

ಆ ಶರತ್ಕಾಲದಲ್ಲಿ ಒಂದೇ ಪರಿಸ್ಥಿತಿಗೆ ಎರಡು ಬಗೆಯ ಉತ್ತರಗಳು ಬಂದವು. ಎಸ್ಟೋನಿಯ ಸೆಪ್ಟೆಂಬರ್ ೨೮ರಂದು, ಲಾಟ್ವಿಯ ಅಕ್ಟೋಬರ್ ೫ರಂದು, ಲಿಥುವೇನಿಯ ಅಕ್ಟೋಬರ್ ೧೦ರಂದು ಪರಸ್ಪರ ಸಹಾಯದ ಕರಾರುಗಳಿಗೆ ರುಜುಹಾಕಿ ರಷ್ಯದ ಸೇನಾ ನೆಲೆಗಳಿಗೆ ಎಡೆಗೊಟ್ಟವು. ಫಿನ್ಲೆಂಡಿನ ಪ್ರತಿನಿಧಿಗಳೂ ಪಾಸಿಕಿವಿಯ ನಾಯಕತ್ವದಲ್ಲಿ ಮಾಸ್ಕೋಗೆ ಹೋದರು. ಫಿನ್ಲೆಂಡ್ ಕೊಲ್ಲಿಗೂ ಲಾಡೋಗ ಸರೋವರಕ್ಕೂ ನಡುವೆ ಇರುವ ಕರೇಲಿಯದ ಇಕ್ಕಟ್ಟಾದ ನೆಲದಲ್ಲಿ ಗಡಿಯನ್ನು ಹಿಂದಕ್ಕೆ ಸರಿಸಬೇಕು, ಕೊಲ್ಲಿಯ ಕೆಲವು ದ್ವೀಪಗಳನ್ನು ಬಿಡಬೇಕು, ಹಾಂಕೊವನ್ನು ಗುತ್ತಿಗೆಗೆ ಕೊಡಬೇಕು. ಪ್ರತಿಯಾಗಿ ಪೂರ್ವ ಕರೇಲಿಯದಲ್ಲಿ ಇಮ್ಮಡಿ ಭೂಮಿ ದೊರೆಯುವುದು: ಇವು ಸ್ಟಾಲಿನ್ನನ ಬೇಡಿಕೆಗಳು. ಒಂದಷ್ಟನ್ನು ಕೊಟ್ಟು ಉಳಿದುದನ್ನು ಉಳಿಸಿಕೊಳ್ಳಬೇಕೆಂಬುದು ಪಾಸಿಕಿವಿ ಮತ್ತು ಮ್ಯಾನರ್ಹೈಮರ ಅಭಿಪ್ರಾಯವಾಗಿತ್ತು. ಸರ್ಕಾರ ಒಪ್ಪಲಿಲ್ಲ. ನವೆಂಬರ್ ೩೦ರಂದು ಯುದ್ಧ ಆರಂಭವಾಯಿತು. ಹೆಲ್ಸಿಂಕಿಯ ಮೇಲೆ ಬಾಂಬುಗಳು ಬಿದ್ದವು. ಮರುದಿನವೇ ಗಡಿಯ ಟೆರಿಯೋಕಿಯಲ್ಲಿ ಕುಸಿನೆನ್ ಎಂಬ ಫಿನ್ ಕಮ್ಯುನಿಸ್ಟನ ನೇತೃತ್ವದಲ್ಲಿ ರಷ್ಯವು ಒಂದು ಸರ್ಕಾರವನ್ನು ಸ್ಥಾಪಿಸಿ, ಅದೊಂದೇ ಫಿನ್ಲೆಂಡಿನ ನಿಜವಾದ ಸರ್ಕಾರವೆಂದು ಮಾನ್ಯಮಾಡಿತು. ಗಡಿಯ ತಿದ್ದುಪಡಿಯಷ್ಟೇ ರಷ್ಯದ ಗುರಿಯಾಗಿತ್ತೆಂಬ ವಾದವು ಈ ಒಂದು ಸಂಗತಿಯ ಎದುರು ನಿಲ್ಲುವುದು ಕಷ್ಟ.

ಫಿನ್ಲೆಂಡಿನ ಜನಸಂಖ್ಯೆ ಆಗ ಸುಮಾರು ೩೭ ಲಕ್ಷ, ಎಂದರೆ ೧೯೪೧ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನಕ್ಕಿದ್ದ ಜನಸಂಖ್ಯೆಯ ಅರ್ಧದಷ್ಟು. ರಷ್ಯದ್ದು ಸುಮಾರು ೧೭ ಕೋಟಿ. ಫಿನ್ ಸೈನ್ಯಕ್ಕೆ ಟ್ಯಾಂಕುಗಳು ಹೆಸರಿಗೆ ಮಾತ್ರ ಇದ್ದವು. ಫಿರಂಗಿಯ ಗುಂಡುಗಳ ಕೊರತೆ ಮೊದಲ ದಿನದಿಂದಲೂ ಇತ್ತು. ಆದರೆ ಕಾಡು, ಕೆರೆ, ಮಂಜು, ಚಳಿಗಳು ಅವರ ದುರ್ಗವಾದವು. ಸುವೊಮುಸಾಲ್ಮಿಯ ಕಾಡುದಾರಿಯಲ್ಲಿ ಸಾಲುಗಟ್ಟಿ ಬಂದ ಎರಡು ರಷ್ಯನ್ ಡಿವಿಜನ್ನುಗಳನ್ನು ಹಿಮಪಾದುಕೆಗಳ ಮೇಲೆ ಸಂಚರಿಸುವ ಸಣ್ಣ ದಳಗಳು ತುಂಡುತುಂಡಾಗಿ ಕತ್ತರಿಸಿ ನಾಶಮಾಡಿದವು. ಡಿಸೆಂಬರ್ ೧೪ರಂದು ರಾಷ್ಟ್ರಸಂಘವು ರಷ್ಯವನ್ನು ಹೊರಹಾಕಿತು. ಜಗತ್ತಿನ ಎಲ್ಲೆಡೆಯಿಂದ ಪ್ರಶಂಸೆ ಬಂದಿತು, ಸೈನ್ಯ ಬರಲಿಲ್ಲ. ಸ್ವೀಡನ್ನಿನಿಂದ ಸ್ವಯಂಸೇವಕರೂ ಶಸ್ತ್ರಗಳೂ ಬಂದವು. ಬ್ರಿಟನ್ ಮತ್ತು ಫ್ರಾನ್ಸ್‌ಗಳು ನಾರ್ವೆಯ ಮಾರ್ಗವಾಗಿ ದಂಡು ಕಳುಹಿಸುವ ಯೋಜನೆಯನ್ನು ಮಾಡಿದವು. ಆದರೆ ಅದರ ಒಂದು ಕಣ್ಣು ಜರ್ಮನಿಗೆ ಹೋಗುತ್ತಿದ್ದ ಸ್ವೀಡನ್ನಿನ ಕಬ್ಬಿಣದ ಅದಿರಿನ ಮೇಲಿತ್ತು. ನಾರ್ವೆ ಸ್ವೀಡನ್ನುಗಳು ದಾರಿ ಕೊಡಲಿಲ್ಲ.

ಫೆಬ್ರವರಿಯಲ್ಲಿ ರಷ್ಯವು ಹೊಸ ಸಿದ್ಧತೆಯೊಡನೆ ಮೇಲೆ ಬಿದ್ದು ಕರೇಲಿಯದ ರಕ್ಷಣಾ ಸಾಲನ್ನು ಮುರಿಯಿತು. ೧೯೪೦ರ ಮಾರ್ಚ್ ೧೩ರಂದು, ೧೦೫ ದಿನಗಳ ಯುದ್ಧದ ಬಳಿಕ, ಶಾಂತಿಯಾಯಿತು. ರಾಜ್ಯದ ಸುಮಾರು ಹತ್ತನೆಯ ಒಂದು ಭಾಗ ಹೋಯಿತು. ನಾಲ್ಕು ಲಕ್ಷಕ್ಕೂ ಮಿಕ್ಕಿದ ಜನರು ಮನೆ ಹೊಲಗಳನ್ನು ತೊರೆದು ಒಳನಾಡಿಗೆ ಬಂದರು. ಮಡಿದ ಫಿನ್ ಯೋಧರು ಸುಮಾರು ೨೫ ಸಾವಿರ. ರಷ್ಯದವರು ಒಂದು ಲಕ್ಷಕ್ಕೂ ಮೇಲೆ. ಅಕ್ಟೋಬರ್‌ನಲ್ಲಿ ಕೇಳಿದ್ದಕ್ಕಿಂತ ಹೆಚ್ಚನ್ನೇ ರಷ್ಯ ಪಡೆಯಿತು. ಹಾಗಾದರೆ ಯುದ್ಧದಿಂದ ಲಾಭವೇನೆಂದು ಕೇಳಬಹುದು. ಕುಸಿನೆನ್ನನ ಸರ್ಕಾರ ಸದ್ದಿಲ್ಲದೆ ಮಾಯವಾಯಿತು. ಮಾಸ್ಕೋವು ಹೆಲ್ಸಿಂಕಿಯ ಸರ್ಕಾರದೊಡನೆಯೇ ಸಂಧಿಗೆ ಕೂತಿತು. ನಷ್ಟದ ಪ್ರಮಾಣ ಮತ್ತು ಬ್ರಿಟನ್ ಫ್ರಾನ್ಸ್‌ಗಳು ಕೈಹಾಕಬಹುದೆಂಬ ಶಂಕೆ, ಇವೆರಡೂ ಸೇರಿ ಇಡೀ ನಾಡನ್ನು ನುಂಗುವ ಬೆಲೆಯನ್ನು ಏರಿಸಿದ್ದವು. ಬಾಗಿದ ಮೂರು ಬಾಲ್ಟಿಕ್ ರಾಷ್ಟ್ರಗಳು ಅದೇ ವರ್ಷದ ಆಗಸ್ಟ್ ವೇಳೆಗೆ ಸೋವಿಯೆಟ್ ಒಕ್ಕೂಟದಲ್ಲಿ ಲೀನವಾದವು.

ಆದರೆ ಈ ಹೋಲಿಕೆಯಲ್ಲಿ ಎಚ್ಚರ ಅಗತ್ಯ. ಎಸ್ಟೋನಿಯದ ಜನಸಂಖ್ಯೆ ಸುಮಾರು ೧೧ ಲಕ್ಷ. ಅದರ ನೆಲ ಸಮತಟ್ಟು. ಸ್ವೀಡನ್ನಿನಂಥ ನೆರೆ ಅದಕ್ಕೆ ಭೂಮಾರ್ಗದಲ್ಲಿರಲಿಲ್ಲ. ಅದರ ನಾಯಕರು ಹೇಡಿಗಳೆಂದು ತೀರ್ಮಾನಿಸುವುದು ನ್ಯಾಯವಲ್ಲ. ದುರ್ಗವಿಲ್ಲದವನಿಗೆ ದುರ್ಗವುಳ್ಳವನ ಧೈರ್ಯವನ್ನು ಬೋಧಿಸುವುದು ಸುಲಭ.

೫

ಮುಂದಿನ ನಾಲ್ಕು ವರ್ಷಗಳು ಫಿನ್ಲೆಂಡಿನ ಇತಿಹಾಸದ ಅತ್ಯಂತ ವಿವಾದಾಸ್ಪದ ಭಾಗ. ೧೯೪೦ರ ಏಪ್ರಿಲ್‌ನಲ್ಲಿ ಡೆನ್ಮಾರ್ಕ್ ಮತ್ತು ನಾರ್ವೆಗಳನ್ನು ಜರ್ಮನಿ ಆಕ್ರಮಿಸಿತು. ಜೂನ್‌ನಲ್ಲಿ ಫ್ರಾನ್ಸ್ ಬಿದ್ದಿತು. ಪಶ್ಚಿಮದ ಬಾಗಿಲು ಮುಚ್ಚಿತು. ನವೆಂಬರ್‌ನಲ್ಲಿ ಬರ್ಲಿನ್ನಿಗೆ ಹೋದ ಮೊಲೊಟೊವ್ ಫಿನ್ಲೆಂಡಿನ ವಿಷಯದಲ್ಲಿ ರಷ್ಯಕ್ಕೆ ಮುಕ್ತಹಸ್ತ ಬೇಕೆಂದು ಕೇಳಿದನು, ಹಿಟ್ಲರನು ಒಪ್ಪಲಿಲ್ಲ. ಅಷ್ಟರಲ್ಲಿಯೇ ಫಿನ್ಲೆಂಡ್ ತನ್ನ ನೆಲದ ಮೂಲಕ ಜರ್ಮನ್ ಪಡೆಗಳ ಸಂಚಾರಕ್ಕೆ ಅನುಮತಿ ಕೊಟ್ಟಿತ್ತು. ವೈರಿಗಿಂತ ಪ್ರಬಲನ ಆಶ್ರಯವೆಂಬ ನೀತಿಯು ಅದನ್ನು ಕರೆದೊಯ್ದದ್ದು ಆ ಶತಮಾನದ ಅತ್ಯಂತ ಕ್ರೂರವಾದ ಪ್ರಭುತ್ವದ ಪಕ್ಕಕ್ಕೆ.

೧೯೪೧ರ ಜೂನ್‌ನಲ್ಲಿ ಫಿನ್ಲೆಂಡ್ ಜರ್ಮನಿಯ ಜೊತೆಯಲ್ಲಿ ಯುದ್ಧಕ್ಕಿಳಿಯಿತು. ತನ್ನದು ಪ್ರತ್ಯೇಕ ಯುದ್ಧವೆಂದು ಅದು ಹೇಳಿಕೊಂಡಿತು. ಆದರೆ ಹಳೆಯ ಗಡಿಯನ್ನು ಮರಳಿ ಪಡೆದಲ್ಲಿಗೆ ಅದರ ಸೈನ್ಯ ನಿಲ್ಲಲಿಲ್ಲ. ಪೂರ್ವ ಕರೇಲಿಯವನ್ನು ಆಕ್ರಮಿಸಿಕೊಂಡು, ಅಲ್ಲಿನ ರಷ್ಯನ್ ನಾಗರಿಕರನ್ನು ಶಿಬಿರಗಳಲ್ಲಿ ಕೂಡಿಹಾಕಿತು. ಆ ಶಿಬಿರಗಳಲ್ಲಿಯೂ, ಯುದ್ಧಕೈದಿಗಳ ಶಿಬಿರಗಳಲ್ಲಿಯೂ ಹಸಿವು ರೋಗಗಳಿಂದ ಸಾವಿರಾರು ಜನರು ಸತ್ತರು. ಲೆನಿನ್‌ಗ್ರಾಡಿನ ಉತ್ತರದಲ್ಲಿ ಫಿನ್ ಸೈನ್ಯ ನಿಂತುದರಿಂದಲೂ ಆ ನಗರದ ದಿಗ್ಬಂಧನ ಪೂರ್ತಿಯಾಯಿತು. ೧೯೪೧ರ ಡಿಸೆಂಬರ್ ೬ರಂದು, ಅದರ ಸ್ವಾತಂತ್ರ್ಯದಿನದಂದೇ, ಬ್ರಿಟನ್ ಅದರ ಮೇಲೆ ಯುದ್ಧ ಸಾರಿತು. ಉಳಿವಿಗಾಗಿ ಹಿಡಿದ ಮಾರ್ಗವು ಉಳಿವಿನ ಅಗತ್ಯವನ್ನು ದಾಟಿ ಹೋದುದನ್ನು ಸಹಾನುಭೂತಿಯುಳ್ಳ ಇತಿಹಾಸಕಾರನೂ ಮರೆಮಾಚಲಾರನು.

ಜರ್ಮನಿಯ ಬಲ ಕುಂದಿದಾಗ ಈ ಆಶ್ರಯವೇ ಉರುಳಾಯಿತು. ೧೯೪೪ರ ಜೂನ್‌ನಲ್ಲಿ ರಷ್ಯದ ಮಹಾದಾಳಿಗೆ ವೀಪುರಿ ನಗರ ಬಿದ್ದಿತು. ಆಗ ಅಧ್ಯಕ್ಷ ರ್ಯುತಿ, ತಾನು ಪ್ರತ್ಯೇಕ ಸಂಧಿಯನ್ನು ಮಾಡಿಕೊಳ್ಳುವುದಿಲ್ಲವೆಂದು ಹಿಟ್ಲರನಿಗೆ ಸ್ವಂತ ಹೆಸರಿನಲ್ಲಿ ಪತ್ರ ಬರೆದು ಶಸ್ತ್ರಗಳನ್ನು ಪಡೆದನು. ಟಾಲಿ–ಇಹಂತಾಲ ಕಾಳಗದಲ್ಲಿ ರಷ್ಯದ ಮುನ್ನಡೆ ನಿಂತಿತು. ಆಗಸ್ಟ್‌ನಲ್ಲಿ ರ್ಯುತಿ ರಾಜೀನಾಮೆ ಕೊಟ್ಟನು. ಹೊಸ ಅಧ್ಯಕ್ಷನಾದ ಮ್ಯಾನರ್ಹೈಮನು ಆ ಮಾತು ತನ್ನನ್ನು ಕಟ್ಟುವುದಿಲ್ಲವೆಂದನು. ಸೆಪ್ಟೆಂಬರ್‌ನಲ್ಲಿ ಯುದ್ಧವಿರಾಮವಾಯಿತು. ರಷ್ಯಕ್ಕೆ ಆಗ ಬರ್ಲಿನ್ನಿನ ದಾರಿ ಮುಖ್ಯವಾಗಿತ್ತು. ಕಾಡಿನಲ್ಲಿ ಇನ್ನೂ ಕಾದಾಡಬಲ್ಲ ಸೈನ್ಯವೊಂದನ್ನು ಪೂರ್ತಿ ಮುರಿಯಲು ದಳಗಳನ್ನು ವ್ಯಯಮಾಡುವುದು ಲಾಭವಾಗಿರಲಿಲ್ಲ. ಫಿನ್ಲೆಂಡ್ ಆಕ್ರಮಣಕ್ಕೊಳಗಾಗದೆ ಯುದ್ಧದಿಂದ ಹೊರಬಂದಿತು. ಅದರ ಸಲುವಾಗಿ ಅದು ತೆತ್ತ ಪ್ರಾಣಗಳು, ಎಲ್ಲ ಯುದ್ಧಗಳೂ ಸೇರಿ, ಸುಮಾರು ೯೦ ಸಾವಿರ.

೬

೧೯೪೭ರ ಪ್ಯಾರಿಸ್ ಕೌಲು ಫಿನ್ಲೆಂಡಿನ ದುರ್ಗದ ಅಳತೆಯನ್ನೇ ಗೊತ್ತುಪಡಿಸಿತು: ಭೂಸೇನೆ ೩೪,೪೦೦ ಜನ, ನೌಕಾಸೇನೆ ೪,೫೦೦, ವಾಯುಸೇನೆ ೩,೦೦೦ ಜನ ಮತ್ತು ೬೦ ವಿಮಾನಗಳು, ಜಲಾಂತರ್ಗಾಮಿಗಳೂ ಬಾಂಬರುಗಳೂ ನಿಷಿದ್ಧ. ಯುದ್ಧದಂಡವಾಗಿ ೩೦ ಕೋಟಿ ಡಾಲರು ಬೆಲೆಯ ಸರಕುಗಳನ್ನು ರಷ್ಯಕ್ಕೆ ಒಪ್ಪಿಸಬೇಕಾಯಿತು. ೧೯೫೨ರ ಹೊತ್ತಿಗೆ ಅದನ್ನು ಸಲ್ಲಿಸಿ ಮುಗಿಸಿತು. ಹೆಲ್ಸಿಂಕಿಗೆ ಸಮೀಪದ ಪೋರ್ಕಲದಲ್ಲಿ ರಷ್ಯದ ನೆಲೆ ಕೂತಿತು.

ಈಗ ಅಧ್ಯಕ್ಷನಾಗಿದ್ದ ಪಾಸಿಕಿವಿಯ ತರ್ಕ ನಿಷ್ಠುರವಾದುದು. ಫಿನ್ಲೆಂಡಿನಲ್ಲಿ ರಷ್ಯಕ್ಕಿರುವ ಆಸಕ್ತಿ ಮುಖ್ಯವಾಗಿ ಲೆನಿನ್‌ಗ್ರಾಡಿನ ರಕ್ಷಣೆ. ಆ ವಿಷಯದಲ್ಲಿ ಅದಕ್ಕೆ ನೆಮ್ಮದಿಯುಂಟಾದರೆ ಒಳಗಿನ ಆಡಳಿತವನ್ನು ನಮಗೆ ಬಿಟ್ಟೀತು. ೧೯೪೮ರ ಏಪ್ರಿಲ್ ೬ರಂದು ಆದ ಮೈತ್ರಿ ಒಡಂಬಡಿಕೆ ಈ ತರ್ಕದ ಫಲ. ಅದೇ ವರ್ಷ ರುಮೇನಿಯ ಹಂಗೆರಿಗಳು ಮಾಡಿಕೊಂಡ ಒಡಂಬಡಿಕೆಗಳಿಗೂ ಇದಕ್ಕೂ ವ್ಯತ್ಯಾಸವಿತ್ತು. ಜರ್ಮನಿಯಾಗಲಿ ಅದರ ಮಿತ್ರರಾಗಲಿ ದಂಡೆತ್ತಿ ಬಂದಾಗ ಫಿನ್ಲೆಂಡ್ ತನ್ನ ನೆಲದಲ್ಲಿ ತಾನೇ ಕಾದುವುದು. ರಷ್ಯದ ನೆರವು ಅಗತ್ಯವಾದರೆ, ಅದೂ ಪರಸ್ಪರ ಒಪ್ಪಿಗೆಯಿಂದ, ದೊರೆಯುವುದು. ಪ್ರಬಲ ರಾಷ್ಟ್ರಗಳ ಕಲಹದಿಂದ ದೂರವಿರಬೇಕೆಂಬ ಫಿನ್ಲೆಂಡಿನ ಅಪೇಕ್ಷೆಯನ್ನು ಪೀಠಿಕೆಯಲ್ಲಿಯೇ ಒಪ್ಪಿಕೊಳ್ಳಲಾಯಿತು. ೧೯೫೬ರಲ್ಲಿ ಪೋರ್ಕಲ ಹಿಂದಿರುಗಿತು.

ಬಾಗಿದವನು ಇಲ್ಲಿ ಬದುಕಿದ್ದೇಕೆ, ೧೯೪೦ರ ಬಾಲ್ಟಿಕ್ ರಾಷ್ಟ್ರಗಳು ಬದುಕದೆ ಹೋದದ್ದೇಕೆ? ಎರಡು ಕಾರಣಗಳನ್ನು ಹೇಳಬಹುದು. ಬಾಗಿದವನು ಹಿಂದೆ ಎರಡು ಬಾರಿ ಕಾದಾಡಿದ್ದನೆಂಬುದು ಒಂದು. ಜಗತ್ತು ಎರಡು ಬಣಗಳಾಗಿ ಒಡೆದು ತಕ್ಕಡಿ ಸಮವಾಗಿದ್ದುದು ಇನ್ನೊಂದು. ಫಿನ್ಲೆಂಡನ್ನು ನುಂಗಿದ್ದಲ್ಲಿ ಸ್ವೀಡನ್ ತನ್ನ ತಟಸ್ಥ ನೀತಿಯನ್ನು ಬಿಟ್ಟು ಪಶ್ಚಿಮದ ಬಣವನ್ನು ಸೇರುವ ಸಂಭವವಿತ್ತು. ಸೇರದೆ ಉಳಿದ ಸ್ವೀಡನ್ನೇ ಫಿನ್ಲೆಂಡಿನ ಕಾಣದ ದುರ್ಗವಾಯಿತು.

ಈ ನೆಮ್ಮದಿಗೂ ಬೆಲೆಯಿತ್ತು. ೧೯೪೭ರಲ್ಲಿಯೇ ಫಿನ್ಲೆಂಡ್ ಮಾರ್ಷಲ್ ಯೋಜನೆಯ ಹಣವನ್ನು ನಿರಾಕರಿಸಿತ್ತು. ಬರ್ಲಿನ್ನಿನಲ್ಲಿ ಗೋಡೆ ಎದ್ದ ವರ್ಷ, ೧೯೬೧ರ ಅಕ್ಟೋಬರ್ ೩೦ರಂದು, ಒಡಂಬಡಿಕೆಯ ಪ್ರಕಾರ ಸೈನಿಕ ಸಮಾಲೋಚನೆ ನಡೆಸಬೇಕೆಂದು ರಷ್ಯ ಟಿಪ್ಪಣಿ ಕಳುಹಿಸಿತು. ಅಧ್ಯಕ್ಷ ಕೆಕ್ಕೊನೆನ್ ನೊವೊಸಿಬಿರ್ಸ್ಕ್‌ವರೆಗೂ ಹೋಗಿ ಕ್ರುಶ್ಚೋವನನ್ನು ಕಂಡು ಅದನ್ನು ನಿವಾರಿಸಿದನು. ಅದೇ ಸಮಯದಲ್ಲಿ ಚುನಾವಣೆಯಲ್ಲಿ ಅವನ ಪ್ರತಿಸ್ಪರ್ಧಿಯಾಗಿದ್ದ ಹೊಂಕ ಹಿಂದೆ ಸರಿದನು. ೧೯೭೩ರಲ್ಲಿ ಕೆಕ್ಕೊನೆನ್ನನ ಅಧಿಕಾರಾವಧಿಯನ್ನು ಚುನಾವಣೆಯಿಲ್ಲದೆ ವಿಶೇಷ ಶಾಸನದಿಂದ ನಾಲ್ಕು ವರ್ಷ ಮುಂದುವರಿಸಲಾಯಿತು. ಪತ್ರಿಕೆಗಳೂ ಪ್ರಕಾಶಕರೂ ರಷ್ಯದ ವಿಷಯದಲ್ಲಿ ತಮ್ಮ ಬಾಯಿಗೆ ತಾವೇ ಬೀಗ ಹಾಕಿಕೊಂಡರು. ಈ ಸ್ಥಿತಿಗೆ ಜರ್ಮನಿಯ ವಾದವಿವಾದಗಳಲ್ಲಿ ಫಿನ್ಲೆಂಡೀಕರಣವೆಂಬ ಹೆಸರು ಹುಟ್ಟಿತು. ಗಡಿಯಲ್ಲಿ ಶತ್ರುವಿನ ಸೈನಿಕನಿಲ್ಲದಿದ್ದರೂ ಮಾತನಾಡುವವನ ನಾಲಗೆಯ ಮೇಲೆ ಅವನ ನೆರಳು ಬೀಳಬಹುದೆಂಬುದನ್ನು ರಕ್ಷಣೆಯ ಲೆಕ್ಕದಲ್ಲಿ ಸೇರಿಸಲೇಬೇಕು.

ಹೀಗಿದ್ದರೂ ದುರ್ಗವನ್ನು ಕಟ್ಟುವ ಕೆಲಸ ನಿಲ್ಲಲಿಲ್ಲ. ಕಡ್ಡಾಯ ಸೈನಿಕ ಸೇವೆ ಮುಂದುವರಿಯಿತು. ಕೌಲಿನ ಮಿತಿಯು ಶಾಂತಿಕಾಲದ ಸೈನ್ಯಕ್ಕೆ ಅನ್ವಯಿಸುವುದೆಂದು ಅರ್ಥಮಾಡಿ, ಮೀಸಲು ಪಡೆಯನ್ನು ವರ್ಷವರ್ಷವೂ ಬೆಳೆಸಲಾಯಿತು. ಯುದ್ಧವಿಮಾನಗಳನ್ನು ರಷ್ಯದಿಂದಲೂ ಸ್ವೀಡನ್ನಿನಿಂದಲೂ ಕೊಳ್ಳಲಾಯಿತು. ನಗರಗಳ ಕೆಳಗೆ ಬಂಡೆಯನ್ನು ಕೊರೆದು ನಾಗರಿಕರಿಗೆ ಆಶ್ರಯತಾಣಗಳಾದವು. ಮೇಲೆ ವಿನಯ, ಕೆಳಗೆ ಬಂಡೆ.

೭

ಸೋವಿಯೆಟ್ ಒಕ್ಕೂಟ ೧೯೯೧ರಲ್ಲಿ ವಿಸರ್ಜನೆಯಾಯಿತು. ಅದರ ಮುನ್ನವೇ, ಜರ್ಮನಿ ಮತ್ತೆ ಒಂದಾಗುತ್ತಿದ್ದ ೧೯೯೦ರ ಸೆಪ್ಟೆಂಬರ್‌ನಲ್ಲಿ, ಪ್ಯಾರಿಸ್ ಕೌಲಿನ ಸೈನಿಕ ನಿರ್ಬಂಧಗಳು ಇನ್ನು ಅರ್ಥಹೀನವೆಂದು ಫಿನ್ಲೆಂಡ್ ತಾನೇ ಸಾರಿತು. ಪರಮಾಣು ಅಸ್ತ್ರಗಳ ನಿಷೇಧವನ್ನು ಮಾತ್ರ ಉಳಿಸಿಕೊಂಡಿತು. ೧೯೯೨ರಲ್ಲಿ ೧೯೪೮ರ ಒಡಂಬಡಿಕೆಯ ಬದಲು ರಷ್ಯದೊಡನೆ ಸಾಧಾರಣ ನೆರೆಹೊರೆಯ ಕೌಲಾಯಿತು. ಅದೇ ವರ್ಷ ಅಮೆರಿಕದಿಂದ ೬೪ ಯುದ್ಧವಿಮಾನಗಳನ್ನು ಕೊಳ್ಳಲು ನಿರ್ಧಾರವಾಯಿತು. ೧೯೯೫ರಲ್ಲಿ ಫಿನ್ಲೆಂಡ್ ಯೂರೋಪಿಯನ್ ಒಕ್ಕೂಟವನ್ನು ಸೇರಿತು.

ಈ ಕಾಲದಲ್ಲಿ ಯೂರೋಪಿನ ಅನೇಕ ರಾಷ್ಟ್ರಗಳು ಶಾಂತಿ ಶಾಶ್ವತವಾಯಿತೆಂದು ಭಾವಿಸಿ ಸೈನ್ಯಗಳನ್ನು ಕುಗ್ಗಿಸಿದವು. ಸ್ವೀಡನ್ ೨೦೧೦ರಲ್ಲಿ ಕಡ್ಡಾಯ ಸೇವೆಯನ್ನು ನಿಲ್ಲಿಸಿತು. ಏಳು ವರ್ಷಗಳಲ್ಲಿಯೇ ಅದನ್ನು ಮತ್ತೆ ತರಬೇಕಾಯಿತು. ಫಿನ್ಲೆಂಡ್ ನಿಲ್ಲಿಸಲೇ ಇಲ್ಲ. ಪ್ರಬಲ ರಾಷ್ಟ್ರವೊಂದರ ಕುಸಿತದಿಂದ ಉಂಟಾದ ನಿರಾಳವನ್ನು ಶಾಶ್ವತ ವ್ಯವಸ್ಥೆಯೆಂದು ಬಗೆಯಬಾರದೆಂಬ ೧೯೨೦ ಮತ್ತು ೩೦ರ ದಶಕಗಳ ಪಾಠವನ್ನು ಅದು ಮರೆತಿರಲಿಲ್ಲ.

೨೦೨೧ರ ಡಿಸೆಂಬರ್‌ನಲ್ಲಿ, ಉತ್ತರ ಅಟ್ಲಾಂಟಿಕ್ ಕೌಲಿನ ಕೂಟಕ್ಕೆ ಹೊಸ ಸದಸ್ಯರನ್ನು ಸೇರಿಸಿಕೊಳ್ಳಬಾರದೆಂದು ರಷ್ಯ ಬಹಿರಂಗವಾಗಿ ಕೇಳಿತು. ಫಿನ್ಲೆಂಡಿನ ಕಿವಿಗೆ ಇದು ಪ್ರಭಾವಕ್ಷೇತ್ರದ ಹಳೆಯ ಭಾಷೆಯಾಗಿ ಕೇಳಿಸಿತು. ೨೦೨೨ರ ಫೆಬ್ರವರಿ ೨೪ರಂದು ರಷ್ಯ ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ದಾಳಿ ಮಾಡಿದ ಮೇಲೆ ಫಿನ್ ಜನಾಭಿಪ್ರಾಯವು ಕೆಲವೇ ವಾರಗಳಲ್ಲಿ ಪೂರ್ತಿ ತಿರುಗಿತು. ಮೇ ೧೭ರಂದು ಪಾರ್ಲಿಮೆಂಟಿನಲ್ಲಿ ೧೮೮ ಮತಗಳು ಪರವಾಗಿಯೂ ೮ ಮತಗಳು ವಿರುದ್ಧವಾಗಿಯೂ ಬಿದ್ದವು. ಮರುದಿನ ಸದಸ್ಯತ್ವಕ್ಕೆ ಅರ್ಜಿ ಹೋಯಿತು. ಆದರೆ ಹಿಂದಿನ ಸದಸ್ಯರೆಲ್ಲರ ಸಮ್ಮತಿ ಬೇಕಾಗಿದ್ದುದರಿಂದ ಬುಡಾಪೆಸ್ಟ್ ಮತ್ತು ಅಂಕಾರಗಳ ಒಪ್ಪಿಗೆಗಾಗಿ ಕಾಯಬೇಕಾಯಿತು. ೨೦೨೩ರ ಏಪ್ರಿಲ್ ೪ರಂದು ಫಿನ್ಲೆಂಡ್ ಆ ಕೂಟದ ೩೧ನೆಯ ಸದಸ್ಯನಾಯಿತು. ರಷ್ಯದೊಡನೆ ಅದಕ್ಕಿರುವ ಸುಮಾರು ೧,೩೪೦ ಕಿಲೋಮೀಟರ್ ಗಡಿಯು ಈಗ ಇಡೀ ಕೂಟದ ಗಡಿಯಾಯಿತು. ಮುಕ್ಕಾಲು ಶತಮಾನ ಬಣಗಳಿಂದ ದೂರವಿದ್ದ ರಾಷ್ಟ್ರವು ಆಶ್ರಯದ ನೀತಿಗೆ ಮರಳಿದುದು ಹೀಗೆ. ಈ ಬಾರಿ ಅದು ಬರಿಗೈಯಲ್ಲಿ ಹೋಗಲಿಲ್ಲ. ಯುದ್ಧಕಾಲದಲ್ಲಿ ೨,೮೦,೦೦೦ ಜನರ ಸೈನ್ಯವನ್ನು ನಿಲ್ಲಿಸುವ ಏರ್ಪಾಡಿನೊಡನೆ ಹೋಯಿತು.

೮

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಕೌಲಿನ ಅಕ್ಷರಗಳು ಸಣ್ಣ ರಾಷ್ಟ್ರವನ್ನು ಕಾಯುವುದಿಲ್ಲ. ರುಜು ಹಾಕಿದ ಪ್ರಬಲನ ಹಿತಾಸಕ್ತಿ ಕಾಯುತ್ತದೆ. ೧೯೩೨ರ ಅನಾಕ್ರಮಣ ಕರಾರು ಏಳು ವರ್ಷಗಳಲ್ಲಿ ಮುರಿಯಿತು. ಅದಕ್ಕಿಂತ ಅಸಮಾನವಾದ ೧೯೪೮ರ ಒಡಂಬಡಿಕೆ ನಾಲ್ಕು ದಶಕಗಳಿಗೂ ಮೀರಿ ಬಾಳಿತು, ಏಕೆಂದರೆ ಅದನ್ನು ಮುರಿಯುವುದರಿಂದ ರಷ್ಯಕ್ಕೆ ಲಾಭವಿರಲಿಲ್ಲ. ಎರಡನೆಯದು, ಸಣ್ಣ ರಾಷ್ಟ್ರದ ಸೈನ್ಯವು ಸಾಮಾನ್ಯವಾಗಿ ಜಯವನ್ನು ತಂದುಕೊಡಲಾರದು. ಎಂಥ ಶಾಂತಿ ದೊರೆಯುವುದೆಂಬುದನ್ನು ನಿರ್ಣಯಿಸಬಲ್ಲದು. ೧೯೪೦ರಲ್ಲಿ ಫಿನ್ಲೆಂಡ್ ಸೋತಿತು, ಆದರೆ ಅಳಿಯಲಿಲ್ಲ. ಸೋಲಿಗೂ ಅಳಿವಿಗೂ ಇರುವ ಈ ಅಂತರವೇ ಅದರ ಸೈನ್ಯ ಸಂಪಾದಿಸಿಕೊಟ್ಟ ವಸ್ತು. ಮೂರನೆಯದು, ಉಳಿವಿನ ಬೆಲೆಯನ್ನು ಗಡಿಯಲ್ಲಿ ಮಾತ್ರವಲ್ಲ, ಒಳಗೂ ತೆರಬೇಕಾಗುತ್ತದೆ. ೧೯೧೮ರ ಸೋದರಹತ್ಯೆ, ೧೯೪೧ರ ಅನಂತರದ ಶಿಬಿರಗಳು, ಕೆಕ್ಕೊನೆನ್ ಕಾಲದ ಮೌನ, ಇವೆಲ್ಲ ಆ ಬೆಲೆಯ ಕಂತುಗಳು. ಇವುಗಳಲ್ಲಿ ಕೆಲವನ್ನು ಪರಿಸ್ಥಿತಿ ಬಲಾತ್ಕಾರವಾಗಿ ವಸೂಲುಮಾಡಿತು. ಕೆಲವನ್ನು ಫಿನ್ ನಾಯಕರು ಬೇಕಿಲ್ಲದೆಯೂ ತೆತ್ತರು. ಎರಡರ ನಡುವಣ ಭೇದವನ್ನು ಗುರುತಿಸುವುದೇ ಇತಿಹಾಸಕಾರನ ಕೆಲಸ.

ಬಾಗುವವನನ್ನೂ ಕಾದುವವನನ್ನೂ ಕೌಟಿಲ್ಯ ನಿರಾಕರಿಸಿದ್ದು ಸರಿಯೇ ಎಂಬ ಪ್ರಶ್ನೆಗೆ ಫಿನ್ಲೆಂಡಿನ ಉತ್ತರ ಸ್ವಲ್ಪ ಬೇರೆ. ಅಲ್ಲಿ ಬಾಗುವಿಕೆಗೆ ಬೆಲೆ ಬಂದದ್ದು ಹಿಂದೆ ಕಾದಿದ್ದರಿಂದ. ಆಶ್ರಯ ದೊರೆತದ್ದು ಸ್ವಂತ ದುರ್ಗವಿದ್ದುದರಿಂದ. ಈ ನಾಲ್ಕೂ ಒಂದನ್ನೊಂದು ತಳ್ಳಿಹಾಕುವ ಮಾರ್ಗಗಳಲ್ಲ. ಒಂದು ಇನ್ನೊಂದಕ್ಕೆ ಊರುಗೋಲು. ಆದರೆ ಆಶ್ರಯ ಕೊಟ್ಟವನ ಬಲವೂ ಅವನ ಮನಸ್ಸೂ ಬದಲಾಗುತ್ತವೆಂಬುದನ್ನು ೧೮೦೮ ಮತ್ತು ೧೯೪೪ರ ವರ್ಷಗಳು ತೋರಿಸಿವೆ. ೨೦೨೩ರ ಆಶ್ರಯವೂ ಈ ನಿಯಮಕ್ಕೆ ಹೊರತಲ್ಲ. ಆದುದರಿಂದಲೇ ಕೂಟವನ್ನು ಸೇರಿದ ಮೇಲೆಯೂ ಫಿನ್ಲೆಂಡ್ ತನ್ನ ಯುವಕರನ್ನು ಸೈನಿಕ ಸೇವೆಗೆ ಕರೆಯುವುದನ್ನು ಬಿಟ್ಟಿಲ್ಲ.

ನಮ್ಮ ಅಧ್ಯಾಪಕರು ಬಲಸಾಮ್ಯದ ಪಾಠವನ್ನು ಮೆಟರ್ನಿಕ್, ಬಿಸ್ಮಾರ್ಕ್, ಸ್ಟಾಲಿನ್ನರ ಮೇಜಿನ ಬದಿಯಿಂದ ಹೇಳುವ ರೂಢಿಯಿದೆ. ಅದೇ ಪಾಠವನ್ನು ಒಮ್ಮೆ ಹೆಲ್ಸಿಂಕಿಯಿಂದಲೂ, ಒಮ್ಮೆ ಟಾಲಿನ್ನಿನಿಂದಲೂ ಹೇಳಿ ನೋಡಿದರೆ, ದೊಡ್ಡ ರಾಷ್ಟ್ರಗಳ ಏಳುಬೀಳುಗಳ ಅರ್ಥವೂ ವಿದ್ಯಾರ್ಥಿಗೆ ಇನ್ನಷ್ಟು ಸ್ಪಷ್ಟವಾದೀತು. ತಕ್ಕಡಿ ಎತ್ತ ವಾಲುತ್ತಿದೆಯೆಂಬುದು ಅದನ್ನು ಹಿಡಿದವನಿಗಿಂತ ತಟ್ಟೆಯಲ್ಲಿ ಕುಳಿತವನಿಗೆ ಬೇಗ ತಿಳಿಯುತ್ತದೆ.